ಮುಖ ನೋಡುತ್ತಿದ್ದ ಟೈಲರ್

ಆಷಾಢದಲ್ಲಿ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವವರಲ್ಲಿ ಸ್ವಂತ ಕಸುಬು ಇಟ್ಟುಕೊಂಡವರು ಜಾಸ್ತಿ. ಮದುವೆ, ಗೃಹಪ್ರವೇಶ ಇಲ್ಲದ ತಿಂಗಳು. ಕೈಗೆ ಬಿಡುವು ಸಿಗುತ್ತದೆ, ವರ್ಷವಿಡೀ ಮುಂದಕ್ಕೆ ಹಾಕಿದ ಬೇಜಾರು ಎದುರಿಗೆ ಬಂದು ಕೂರುತ್ತದೆ. ಅಡುಗೆ ಕಾಂಟ್ರಾಕ್ಟಿನವರು, ಪಾರ್ಲರ್ ನಡೆಸುವವರು, ಮಂಟಪಕ್ಕೆ ಹೂವಿನ ಅಲಂಕಾರ ಮಾಡುವವರು ಬಂದಿದ್ದಾರೆ. ಶುರುವಾಗುವ ಮಾತು ಹೆಚ್ಚುಕಡಿಮೆ ಒಂದೇ: "ಎಷ್ಟು ಮಾಡಿದ್ರೂ ಜನಕ್ಕೆ ತೃಪ್ತಿ ಇಲ್ಲ ಮೇಡಂ." ಸ್ವಲ್ಪ ಕೆದಕಿದರೆ, ಜನ ದುಡ್ಡು ಕೊಟ್ಟು ಸುಮ್ನೆ ಹೋಗಿರುತ್ತಾರೆ ಅಷ್ಟೇ. ಆ ಸುಮ್ನೆ ಹೋಗಿದ್ದೇ ಇವರ ನಿದ್ದೆ ಕೆಡಿಸಿರುತ್ತದೆ.

ಅಂಥ ಹಲವರಲ್ಲಿ ಒಬ್ಬರ ವಿಷಯ ಬರೆಯುತ್ತಿದ್ದೇನೆ, ಅವರ ಒಪ್ಪಿಗೆ ಪಡೆದು. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಕಸುಬು ಬದಲಿಸಿಲ್ಲ. ಅದು ಬದಲಾದರೆ ಈ ಕಥೆಯಲ್ಲಿ ಏನೂ ಉಳಿಯುವುದಿಲ್ಲ.

ಸಾವಿತ್ರಿ ಎಂದುಕೊಳ್ಳೋಣ. ನಲವತ್ತರ ಆಸುಪಾಸು. ತಾಲ್ಲೂಕು ಕೇಂದ್ರದ ಪೇಟೆ ಬೀದಿಯಲ್ಲಿ ಒಂದೇ ಮಳಿಗೆ. ಬ್ಲೌಸ್ ಹೊಲಿಗೆ, ಫಾಲ್ಸ್, ಜಿಗ್‌ಜಾಗ್, ಸೀರೆಗೆ ಕುಚ್ಚು. ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ. ಕೆಲಸ ಚೆನ್ನಾಗಿದೆ, ಗಿರಾಕಿಗಳಿಗೆ ಬರವಿಲ್ಲ. ಆದರೆ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ಯಾರು ಏನು ಕೇಳಿದರೂ "ಆಯ್ತು". ನಾಳೆಗೇ ಬೇಕೆಂದರೂ ಆಯ್ತು. ಕತ್ತು ಇನ್ನೊಂದು ಇಂಚು ಇಳಿಸಿ ಎಂದು ಮೂರನೇ ಸಲ ತಂದರೂ ಆಯ್ತು, ಬಿಟ್ಟಿ. ಪರಿಚಯದವರಿಗೆ 450ರ ಲೈನಿಂಗ್ ಬ್ಲೌಸು 300ಕ್ಕೆ. ನೆಂಟರಿಗೆ ಬಿಲ್ಲೇ ಇಲ್ಲ. ರಾತ್ರಿ ಮಲಗುವ ಮುಂಚೆ ಗಿರಾಕಿಗಳಿಗೆ ವಾಟ್ಸಾಪಿನಲ್ಲಿ "ಇಷ್ಟ ಆಯ್ತಾ?" ಎಂದು ಕೇಳುವುದು. ನೀಲಿ ಗೆರೆ ಬಂದು ಉತ್ತರ ಬರದಿದ್ದರೆ ಒಂದು ಗಂಟೆಯವರೆಗೂ ಹೊರಳಾಟ.

ಮೊದಲ ದಿನ ನಾನು ಕೇಳಿದ್ದು ಊಟ, ನಿದ್ದೆ, ಬದುಕುವುದೇ ಬೇಡ ಅನ್ನಿಸುತ್ತದಾ ಎಂಬುದು. ಇದನ್ನು ಯಾರಿಗೂ ಬಿಡದೆ ಕೇಳುತ್ತೇನೆ. ಅಂಥ ಯೋಚನೆ ಇದ್ದರೆ ಅಂಗಡಿ ವಿಷಯ ಆಮೇಲೆ, ಮೊದಲು ವೈದ್ಯರು. ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್; ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾವಿತ್ರಿಗೆ ಅಂಥದ್ದೇನೂ ಇರಲಿಲ್ಲ. ಸುಸ್ತು ಇತ್ತು, ಸಿಟ್ಟು ಇತ್ತು. ಸಿಟ್ಟು ಇದೆ ಎಂದು ಒಪ್ಪಿಕೊಳ್ಳಲು ಮಾತ್ರ ಎರಡು ಭೇಟಿ ಹಿಡಿಯಿತು.

ಮೂರನೇ ಭೇಟಿಗೆ ಆರ್ಡರ್ ಪುಸ್ತಕ ತನ್ನಿ ಎಂದಿದ್ದೆ. ಲೆಕ್ಕ ನೋಡೋಣ ಎಂಬುದು ನನ್ನ ಉದ್ದೇಶ. ಪುಸ್ತಕ ಬಿಚ್ಚಿದರೆ ಹೆಸರು, ಅಳತೆ, ತಾರೀಕು ಎಲ್ಲ ಅಚ್ಚುಕಟ್ಟು. ಹಣದ ಅಂಕಣದಲ್ಲಿ ಅಲ್ಲಲ್ಲಿ ಖಾಲಿ. ಆದರೆ ಪುಟದ ಬಲತುದಿಯಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಅಕ್ಷರ. ಖು, ಸು, ಸು, ಬೇ, ಖು.

"ಇದೇನು?"

ಅವರು ಪುಸ್ತಕ ಮುಚ್ಚಲು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. ಖು ಅಂದರೆ ಖುಷಿಯಾಗಿ ಹೋದರು. ಬೇ ಅಂದರೆ ಬೇಜಾರಾದರು. ಸು ಅಂದರೆ ಸುಮ್ನೆ ಹೋದರು.

"ಸು ಇದ್ದರೆ ಏನಂತ ಅರ್ಥ ಮಾಡ್ಕೊಳ್ತೀರಿ?"

"ಇಷ್ಟ ಆಗಿಲ್ಲ. ಹೇಳೋಕೆ ಸಂಕೋಚ."

ನಾನು ಒಂದು ಹೆಸರಿನ ಮೇಲೆ ಬೆರಳಿಟ್ಟೆ. ಯಾರೋ ಹೈಸ್ಕೂಲ್ ಟೀಚರ್. ಮುಂದಿನ ಪುಟಗಳಲ್ಲೂ ಅದೇ ಹೆಸರು, ಎದುರಿಗೆ ಪ್ರತಿ ಸಲವೂ ಸು. "ಇವರು ಎಷ್ಟು ದಿನದಿಂದ ಬರ್ತಿದ್ದಾರೆ?"

"ಆರು ವರ್ಷ ಆಯ್ತು ಮೇಡಂ..." ಎಂದವರು ಅಲ್ಲೇ ನಿಂತರು. ಆರು ವರ್ಷ ಒಂದೂ ಒಳ್ಳೆ ಮಾತಾಡದೆ ಬಂದು, ಪೂರ್ತಿ ದುಡ್ಡು ಕೊಟ್ಟು, ಮತ್ತೆ ಬಟ್ಟೆ ತಂದವರು. ಖು ಇದ್ದ ಸಾಲುಗಳನ್ನೂ ನೋಡಿದೆವು. ಹಣದ ಅಂಕಣ ಖಾಲಿ ಇದ್ದದ್ದು ಅಲ್ಲೇ ಜಾಸ್ತಿ.

ಇಷ್ಟಕ್ಕೇ ಅವರ ಕಣ್ಣು ತೆರೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಲೆಕ್ಕ ಒಪ್ಪಿದರು, ಮನಸ್ಸು ಒಪ್ಪಲಿಲ್ಲ. "ಆದ್ರೂ ಒಂದು ಮಾತು ಹೇಳಿದ್ರೆ ಏನು ಗಂಟು ಹೋಗುತ್ತೆ ಅವರದ್ದು?" ಎಂದು ಟೀಚರ್ ಮೇಲೇ ರೇಗಿದರು. ನನಗೆ ಮುಂದೆ ಏನು ಕೇಳಬೇಕೋ ಹೊಳೆಯಲಿಲ್ಲ. ಮಾತು ಮುಂದುವರಿಸಲು ಕೇಳಿದೆ, "ಗಿರಾಕಿ ಬ್ಲೌಸ್ ಹಾಕಿಕೊಂಡು ಪರದೆಯಿಂದ ಆಚೆ ಬಂದ ತಕ್ಷಣ ನೀವು ಎಲ್ಲಿ ನೋಡ್ತೀರಿ?"

"ಮುಖ."

"ಟೈಲರ್ ಎಲ್ಲಿ ನೋಡಬೇಕು?"

ಒಂದು ಕ್ಷಣ ಸುಮ್ಮನಿದ್ದವರು ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಭುಜ! ಭುಜ ನೋಡಬೇಕು ಮೇಡಂ. ಆಮೇಲೆ ಕಂಕುಳ ಹತ್ತಿರ. ನಮ್ಮ ಹುಡುಗಿಯರಿಗೆ ನಾನೇ ಬೈತೀನಿ, ಭುಜ ಕೂತರೆ ಮಿಕ್ಕಿದ್ದೆಲ್ಲ ಕೂರುತ್ತೆ ಅಂತ."

ನನ್ನ ಸಲಹೆ ಪೂರಾ ಇದೇ ಭುಜದ ಮೇಲೆ ನಿಂತಿದೆ. ನಿಮ್ಮನ್ನು ನೀವು ಪ್ರೀತಿಸಿ, ಜನ ಏನಂದರೂ ತಲೆ ಕೆಡಿಸಿಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಅಂಗಡಿ ಇಟ್ಟವರು ಜನರ ಮಾತು ಕೇಳದೆ ಹೇಗೆ ಬದುಕುತ್ತಾರೆ? ಕೇಳಬೇಕಾದ್ದು ಬ್ಲೌಸಿನ ಬಗ್ಗೆ. "ಇಷ್ಟ ಆಯ್ತಾ?" ಎಂದು ಕೇಳಿದಾಗ ಸಾವಿತ್ರಿ ತಮ್ಮ ಬಗ್ಗೆಯೇ ತೀರ್ಪು ಕೇಳುತ್ತಿದ್ದರು. ಹಾಗಾಗಿ ಆ ಪ್ರಶ್ನೆ ಬಿಟ್ಟುಬಿಡಿ ಎಂದೆ. ಅದರ ಬದಲು, "ಎರಡೂ ಕೈ ಮೇಲೆತ್ತಿ, ಎಲ್ಲಾದ್ರೂ ಎಳೀತಿದೆಯಾ?" ಎಂದು ಕೇಳಿ. ಎಳೆಯುತ್ತಿದ್ದರೆ ಬಿಚ್ಚಿ ಸರಿ ಮಾಡಿ. ಇಲ್ಲದಿದ್ದರೆ ಮಡಚಿ ಕವರಿಗೆ ಹಾಕಿ. ರಾತ್ರಿಯ ಮೆಸೇಜು ಬಂದ್. ರೇಟು ಬೋರ್ಡಿನ ಮೇಲೆ ಬರಲಿ. ನಿಮ್ಮ ತಪ್ಪಿದ್ದರೆ ಆಲ್ಟರೇಷನ್ ಬಿಟ್ಟಿ, ಗಿರಾಕಿ ಮನಸ್ಸು ಬದಲಿಸಿದರೆ ಅದಕ್ಕೂ ಒಂದು ರೇಟು.

ಇನ್ನೊಂದು ಮನೆಕೆಲಸವನ್ನೂ ಕೊಟ್ಟೆ. ಆಲ್ಬರ್ಟ್ ಎಲ್ಲಿಸ್ ಎಂಬ ಅಮೆರಿಕದ ಮನೋವಿಜ್ಞಾನಿ 1950ರ ದಶಕದಲ್ಲಿ ಒಂದು ಚಿಕಿತ್ಸೆ ರೂಪಿಸಿದರು. ಎಲ್ಲರೂ ನನ್ನನ್ನು ಮೆಚ್ಚಲೇಬೇಕು ಎಂಬುದು ಜನರ ತಪ್ಪು ನಂಬಿಕೆಗಳ ಬಗ್ಗೆ ಅವರು ಮಾಡಿದ ಪಟ್ಟಿಯಲ್ಲಿ ಮೊದಲೇ ಬರುತ್ತದೆ. ಜನರ ಭಯ ಬಿಡಿಸಲು ಅವರು ಬಾಳೆಹಣ್ಣಿಗೆ ದಾರ ಕಟ್ಟಿ ನಾಯಿಯ ಹಾಗೆ ಬೀದಿಯಲ್ಲಿ ಎಳೆದುಕೊಂಡು ಹೋಗಲು ಹೇಳುತ್ತಿದ್ದರಂತೆ. ನ್ಯೂಯಾರ್ಕಿನಲ್ಲಿ ಅದು ನಡೆದೀತು, ನೋಡುವವರು ಅಪರಿಚಿತರು. ನಮ್ಮ ಪೇಟೆ ಬೀದಿಯಲ್ಲಿ ಮಾಡಿದರೆ ಸಂಜೆಯೊಳಗೆ ಅತ್ತೆಗೆ ಫೋನ್ ಹೋಗಿರುತ್ತದೆ! ಆದ್ದರಿಂದ ಬಾಳೆಹಣ್ಣು ಬೇಡ, ವಾರಕ್ಕೆ ಒಬ್ಬರಿಗೆ "ನಾಳೆಗೆ ಆಗಲ್ಲ, ಗುರುವಾರ ಕೊಡ್ತೀನಿ" ಎನ್ನಿ ಎಂದೆ. ಕ್ಷಮಿಸಿ ಎನ್ನುವ ಹಾಗಿಲ್ಲ, ಕಾರಣ ಹೇಳುವ ಹಾಗಿಲ್ಲ. ಎದೆ ಡವಗುಟ್ಟಲಿ, ಎಷ್ಟು ಹೊತ್ತು ಡವಗುಟ್ಟುತ್ತದೆ ಎಂದು ಗಡಿಯಾರ ನೋಡಿ. ಮೊದಲ ವಾರ ಅರ್ಧ ದಿನವಂತೆ. ಮೂರನೇ ವಾರ, "ಟೀ ಕುಡಿಯೋದ್ರೊಳಗೆ ಹೋಯ್ತು."

ನನ್ನನ್ನು ಕಾಡಿದ್ದು ನೆಂಟರ ವಿಷಯ. ಬಿಟ್ಟಿ ಹೊಲಿಯುವುದಾದರೆ ಯಾರಿಗೆ ಎಂದು ನೀವೇ ಆರಿಸಿ, ಇಬ್ಬರ ಹೆಸರು ಬರೆಯಿರಿ ಎಂದಿದ್ದೆ. ಅತ್ತೆ ಮತ್ತು ತಂಗಿಯ ಮಗಳ ಹೆಸರು ಬರೆದರು. ನಾದಿನಿಯ ಹೆಸರು ಇರಲಿಲ್ಲ. ಆ ನಾದಿನಿ ಹತ್ತು ಸಲ ಕೊಂಕು ತೆಗೆದು ಹನ್ನೊಂದನೇ ಸಲ, "ಅತ್ತಿಗೆ, ನೀವು ಹೊಲಿದ್ರೆ ಮಾತ್ರ ನಂಗೆ ಕೂರೋದು" ಅನ್ನುವವರು. ಸಾವಿತ್ರಿ ಅತಿ ಹೆಚ್ಚು ಒದ್ದಾಡುತ್ತಿದ್ದದ್ದು ಇವರ ಬಾಯಿಂದ ಆ ಮಾತು ಕೇಳಲು. ಬಿ.ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿಯ ಪಾರಿವಾಳಗಳ ಪ್ರಯೋಗ ನೆನಪಾಗುತ್ತದೆ. ಕುಕ್ಕಿದಾಗೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತರೆ ಬೇಗ ಕುಕ್ಕುವುದು ಬಿಡುತ್ತದೆ. ಯಾವಾಗಲೋ ಒಮ್ಮೊಮ್ಮೆ ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ.

ಬಿಲ್ಲು ನೋಡಿ ನಾದಿನಿ ಮಾತು ಬಿಟ್ಟರು. ಗೌರಿ ಹಬ್ಬಕ್ಕೂ ಬರಲಿಲ್ಲ. ಗಂಡ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, "ಸಣ್ಣ ಊರಲ್ಲಿ ವ್ಯಾಪಾರ ನಿಂತಿರೋದೇ ಸಂಬಂಧದ ಮೇಲೆ, ನೀವು ಬೆಂಗಳೂರಿನ ಪಾಠ ಹೇಳಿದ್ರಿ" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಬಿಲ್ಲು ಕೊಡುವ ಮುಂಚೆ ಗಂಡನ ಜೊತೆ ಮಾತಾಡಿ ಎಂದು ನಾನು ಹೇಳಬೇಕಿತ್ತು. ಅದನ್ನು ಮರೆತದ್ದು ನನ್ನ ತಪ್ಪು. ಆದರೆ ಪಟ್ಟಿ ಮಾಡಿಸಿದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಕೆಲಸದ ಹುಡುಗಿಯರ ಸಂಬಳ ಎರಡು ತಿಂಗಳು ತಡವಾಗಿತ್ತು. ಅವರದ್ದೂ ಸಂಬಂಧವೇ ಅಲ್ವಾ?

ಕೊನೆಯ ಭೇಟಿ ದಸರಾ ಮುಗಿದ ಮೇಲೆ. ನಾದಿನಿ ಮಗನ ಕೈಯಲ್ಲಿ ಬ್ಲೌಸ್ ಪೀಸು, ಜೊತೆಗೆ ಅಳತೆ ಬ್ಲೌಸು ಕಳಿಸಿದ್ದರಂತೆ. ಚೀಟಿ ಇಲ್ಲ, ಮಾತಿಲ್ಲ.

"ಹೊಲಿದ್ರಾ?"

"ಹೊಲಿದೆ. ಭುಜ ಅರ್ಧ ಇಂಚು ಜಾರ್ತಿತ್ತು ಅಳತೆ ಬ್ಲೌಸಲ್ಲಿ, ಅದನ್ನೂ ಸರಿ ಮಾಡಿದೆ. ಕವರಿಗೆ ಬಿಲ್ ಪಿನ್ ಮಾಡಿ ಕಳಿಸಿದೆ."

ದುಡ್ಡು ಬಂತಾ ಎಂದು ಕೇಳಬೇಕೆನಿಸಿತು. ಅವರು ಆಗಲೇ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಕಾರ್ತಿಕದ ಮದುವೆ ಆರ್ಡರುಗಳಿದ್ದವು.