ಉರಿಮೂತ್ರಕ್ಕೆ ಹಳೆಯ ಮಾತ್ರೆ ಯಾಕೆ ನಾಟುತ್ತಿಲ್ಲ?

ಪ್ರಶ್ನೆ: ಒಂದು ವರ್ಷದಲ್ಲಿ ಮೂರನೇ ಸಲ ಉರಿಮೂತ್ರ ಬಂದಿದೆ. ಮೊದಲ ಸಲ ಸಿಪ್ರೋಫ್ಲಾಕ್ಸಸಿನ್ ನುಂಗಿ ಎರಡೇ ದಿನಕ್ಕೆ ಗುಣವಾಗಿತ್ತು. ಈಗ ಅದೇ ಮಾತ್ರೆ ಐದು ದಿನ ತೆಗೆದುಕೊಂಡರೂ ಉರಿ ಹಾಗೇ ಇದೆ. ನನ್ನ ದೇಹ ಔಷಧಕ್ಕೆ ಒಗ್ಗಿಹೋಯಿತೇ?

ಉತ್ತರ: ದೇಹವಲ್ಲ, ಬ್ಯಾಕ್ಟೀರಿಯಾ ಒಗ್ಗಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಇಂಥ ಸೋಂಕುಗಳಲ್ಲಿ ನಾಲ್ಕರಲ್ಲಿ ಮೂರಕ್ಕಾದರೂ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಕಾರಣ. ಅದರ ಮನೆ ನಮ್ಮದೇ ಕರುಳು. ಅಲ್ಲಿಂದ ಹೊರಬಂದು ಚರ್ಮದ ಮೇಲೆ ಸರಿದು ಮೂತ್ರದ್ವಾರ ಸೇರುತ್ತದೆ. ನೀವು ನುಂಗಿದ ಮಾತ್ರೆ ಕರುಳಿನಲ್ಲೂ ಕೆಲಸ ಮಾಡುತ್ತದೆ. ಅಲ್ಲಿ ಔಷಧಕ್ಕೆ ಬಗ್ಗುವ ತಳಿಗಳು ಸತ್ತು, ಬಗ್ಗದವು ತೆರವಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ಮುಂದೆ ತಿಂಗಳುಗಟ್ಟಲೆ ಅವುಗಳದ್ದೇ ಕಾರುಬಾರು, ಮುಂದಿನ ಸೋಂಕೂ ಅವುಗಳಿಂದಲೇ ಬರಬಹುದು. ಹಲ್ಲುನೋವಿಗೋ ಕೆಮ್ಮಿಗೋ ತೆಗೆದುಕೊಂಡ ಆಂಟಿಬಯೋಟಿಕ್ ಕೂಡ ಇದನ್ನೇ ಮಾಡುತ್ತದೆ. ಹಾಗಾಗಿ ಕಳೆದ ಆರು ತಿಂಗಳಲ್ಲಿ ತೆಗೆದುಕೊಂಡ ಎಲ್ಲವನ್ನೂ ವೈದ್ಯರಿಗೆ ಹೇಳಿ.

ಸಿಪ್ರೋಫ್ಲಾಕ್ಸಸಿನ್ ಬ್ಯಾಕ್ಟೀರಿಯಾದ ಡಿಎನ್‌ಎ ಸುರುಳಿಯನ್ನು ಸಡಿಲಿಸುವ ಕಿಣ್ವಕ್ಕೆ ಅಂಟಿಕೊಂಡು ಕೊಲ್ಲುತ್ತದೆ. ಆ ಕಿಣ್ವದ ವಂಶವಾಹಿಯಲ್ಲಿ ಒಂದೆರಡು ಸಣ್ಣ ಬದಲಾವಣೆಯಾದರೆ ಸಾಕು, ಹಿಡಿತ ತಪ್ಪುತ್ತದೆ. ಇನ್ನು ಕೆಲವು ತಳಿಗಳು ಇಎಸ್‌ಬಿಎಲ್ ಎಂಬ ಕಿಣ್ವ ತಯಾರಿಸಿ ಪೆನ್ಸಿಲಿನ್, ಸೆಫಲೋಸ್ಪೋರಿನ್ ಗುಂಪಿನ ಆಂಟಿಬಯೋಟಿಕ್‌ಗಳನ್ನೇ ಒಡೆದುಹಾಕುತ್ತವೆ. ಅದರ ವಂಶವಾಹಿ ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತದೆ, ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ. ಅದೇ ಉಂಗುರದಲ್ಲಿ ಬೇರೆ ಔಷಧಗಳನ್ನು ಸೋಲಿಸುವ ವಂಶವಾಹಿಗಳೂ ಕೂಡಿರುವುದರಿಂದ ಒಂದೇ ಏಟಿಗೆ ಮೂರ್ನಾಲ್ಕು ಔಷಧ ಕೈಕೊಡುತ್ತವೆ.

ಹಳೆಯ ಚೀಟಿ ತೋರಿಸಿ ನೀವೇ ಮಾತ್ರೆ ತರುವುದನ್ನು ದಯವಿಟ್ಟು ನಿಲ್ಲಿಸಿ. ವೈದ್ಯರನ್ನು ಕಂಡು, ಹೊಸ ಔಷಧದ ಮೊದಲ ಮಾತ್ರೆಗೆ ಮುಂಚೆಯೇ ಮೂತ್ರವನ್ನು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವ ಔಷಧ ನಾಟುತ್ತದೆಂದು ನೋಡುವ ಪರೀಕ್ಷೆಗೆ ಕೊಡಿ. ಕೈ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದ್ದನ್ನು ಲ್ಯಾಬ್ ಕೊಟ್ಟ ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಒಳಬದಿ ಮುಟ್ಟಬೇಡಿ. ಎರಡು ಗಂಟೆಯೊಳಗೆ ಲ್ಯಾಬ್ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಹೊರಗೆ ಬಿಟ್ಟರೆ ಡಬ್ಬಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ಲೆಕ್ಕ ತಪ್ಪುತ್ತದೆ. ಚಳಿಜ್ವರ, ಪಕ್ಕೆಯ ಹಿಂಭಾಗದ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ಕಲ್ಚರ್ ವರದಿಯಲ್ಲಿ ಇ. ಕೋಲಿ ಇದೆ. ಸಿಪ್ರೋಫ್ಲಾಕ್ಸಸಿನ್ ಎದುರಿಗೆ ಎಂಐಸಿ 4, ‘ಆರ್’. ನೈಟ್ರೋಫ್ಯುರಾಂಟೊಯಿನ್ ಎದುರಿಗೆ 16, ‘ಎಸ್’. ಸಂಖ್ಯೆ ಕಡಿಮೆ ಇರುವುದೇ ಒಳ್ಳೆಯದಲ್ಲವೇ?

ಉತ್ತರ: ಈ ಗೊಂದಲ ಬಹಳ ಜನರಿಗಿದೆ. ಎಂಐಸಿ ಎಂದರೆ ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲಿಸಲು ಬೇಕಾದ ಕನಿಷ್ಠ ಔಷಧ, ಮಿಲಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಒಂದು ಔಷಧದ ಸಂಖ್ಯೆಯನ್ನು ಇನ್ನೊಂದರದ್ದರ ಜೊತೆ ತೂಗಬಾರದು, ಪ್ರತಿಯೊಂದಕ್ಕೂ ಅದರದೇ ಗಡಿ ಇದೆ. ಅಮೆರಿಕದ ಸಿಎಲ್‌ಎಸ್‌ಐ ಎಂಬ ಸಂಸ್ಥೆಯ ಮಾನದಂಡದಲ್ಲಿ ಸಿಪ್ರೋಫ್ಲಾಕ್ಸಸಿನ್‌ಗೆ 0.25 ಅಥವಾ ಕಡಿಮೆ ಇದ್ದರೆ ‘ಎಸ್’, ಅಂದರೆ ಔಷಧ ನಾಟುತ್ತದೆ. 1 ಮುಟ್ಟಿದರೆ ‘ಆರ್’, ಅಂದರೆ ನಾಟುವುದಿಲ್ಲ. ನೈಟ್ರೋಫ್ಯುರಾಂಟೊಯಿನ್‌ಗೆ 32ರವರೆಗೂ ‘ಎಸ್’, ಏಕೆಂದರೆ ಅದು ಮೂತ್ರದಲ್ಲಿ ದಟ್ಟವಾಗಿ ಶೇಖರವಾಗುತ್ತದೆ.

ಅದರ ಮಿತಿಯೂ ಅಲ್ಲೇ ಇದೆ. ರಕ್ತದಲ್ಲಿ, ಮೂತ್ರಪಿಂಡದ ಅಂಗಾಂಶದಲ್ಲಿ ಅದು ಸಾಕಷ್ಟು ನಿಲ್ಲುವುದಿಲ್ಲ. ಮೂತ್ರಕೋಶದ ಸೋಂಕಿಗೆ ಸಾಮಾನ್ಯವಾಗಿ 5 ದಿನ ಕೊಡುತ್ತಾರೆ, ಊಟದ ಜೊತೆ ನುಂಗಬೇಕು. ಜ್ವರ ಬಂದಿರುವ ಮೂತ್ರಪಿಂಡದ ಸೋಂಕಿಗೆ ವರದಿಯಲ್ಲಿ ‘ಎಸ್’ ಇದ್ದರೂ ಇದು ಸಲ್ಲದು. ಮೂತ್ರಪಿಂಡ ತೀರಾ ದುರ್ಬಲವಾಗಿದ್ದವರಿಗೂ ಬೇಡ.

ಪ್ರಶ್ನೆ: 72 ವರ್ಷದ ನನ್ನ ತಾಯಿಗೆ ಯಾವ ತೊಂದರೆಯೂ ಇಲ್ಲ. ಆದರೆ ಕಲ್ಚರ್‌ನಲ್ಲಿ ಮಿಲಿಲೀಟರಿಗೆ 1 ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಬಂದಿವೆ. ಔಷಧ ಬೇಕೇ?

ಉತ್ತರ: ಉರಿ, ಪದೇ ಪದೇ ಅವಸರ, ಜ್ವರ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ವಯಸ್ಸಾದ ಮಹಿಳೆಯರಲ್ಲಿ ಹೀಗೆ ಸುಮ್ಮನೆ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಔಷಧ ಕೊಟ್ಟರೆ ಕೆಲವೇ ವಾರಗಳಲ್ಲಿ ಅವು ಮರಳುತ್ತವೆ, ಆಗ ಇನ್ನಷ್ಟು ಗಟ್ಟಿ ತಳಿಯೂ ಆಗಿರಬಹುದು. ಗರ್ಭಿಣಿಯರಿಗೆ ಮತ್ತು ಮೂತ್ರನಾಳದ ಶಸ್ತ್ರಕ್ರಿಯೆಗೆ ಸಿದ್ಧರಾಗುತ್ತಿರುವವರಿಗೆ ಮಾತ್ರ ಲೆಕ್ಕ ಬೇರೆ, ಅವರಿಗೆ ಲಕ್ಷಣವಿಲ್ಲದಿದ್ದರೂ ಔಷಧ ಕೊಡುತ್ತಾರೆ.