ಕೀಬೋರ್ಡಿನಲ್ಲಿ ಬಾರದ ಗಮಕ ಲಿನ್‌ಸ್ಟ್ರುಮೆಂಟಿನಲ್ಲಿ ಬರುತ್ತಾ?

ವೀಣೆ ಕಲಿತಿದ್ದೀರಿ, ಈಗ ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತಿದ್ದೀರಿ, ಮಿಡಿ ಕೀಬೋರ್ಡಿನಲ್ಲಿ (ಒತ್ತಿದ ಸ್ವರ ಯಾವುದು ಅಂತ ಕಂಪ್ಯೂಟರಿಗೆ ತಿಳಿಸುವ ಕೀಬೋರ್ಡ್) ಗಮಕ, ಅಂದರೆ ಸ್ವರವನ್ನು ಬಾಗಿಸಿ ತೂಗುವುದು, ನುಡಿಸೋಕೆ ಆಗ್ತಿಲ್ಲ, ಬೆರಳು ಜಾರಿಸಿ ನುಡಿಸುವ ಪ್ಯಾಡ್‌ಗಳ ಹಲಗೆಯಾದ ಲಿನ್‌ಸ್ಟ್ರುಮೆಂಟ್ ಕೊಂಡರೆ ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತದೆ. ತಂದ ದಿನವೇ ಅಲ್ಲ ಅಷ್ಟೆ. ನಾನೂ ಚಿಕ್ಕಂದಿನಲ್ಲಿ ವೀಣೆ ಕಲಿತವಳು. ಆದರೂ ತೋಡಿ ರಾಗದ ಗಾಂಧಾರ ಒಂದಕ್ಕೇ ಎರಡು ತಿಂಗಳು ಹಿಡಿಯಿತು.

ಕೀಬೋರ್ಡಿನಲ್ಲಿ ಸ್ವರ ಬಾಗಿಸಲು ಪಕ್ಕದ ಪಿಚ್ ಬೆಂಡ್ ಚಕ್ರವೇ ಗತಿ. ಅದು ಆ ಚಾನೆಲ್‌ನ (ಸ್ವರಗಳ ಸಂದೇಶ ಹೋಗುವ ದಾರಿಯ) ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ. ಕೆಳಗೆ ಷಡ್ಜ ಹಿಡಿದಿಟ್ಟಿದ್ದರೆ ಅದೂ ಅಲುಗಾಡುತ್ತದೆ! 2018ರಲ್ಲಿ ಮಿಡಿ ಮಾನದಂಡಕ್ಕೆ ಸೇರಿದ ಎಂಪಿಇ ಎಂಬ ವಿಧಾನ ಒಂದೊಂದು ಸ್ವರಕ್ಕೂ ಬೇರೆ ಚಾನೆಲ್ ಕೊಡುತ್ತದೆ. ಒಂದು ಬೆರಳು ಷಡ್ಜದ ಮೇಲೆ ಕೂತಿರಲಿ, ಇನ್ನೊಂದು ಆರಾಮಾಗಿ ಜಾರಬಹುದು.

ಲಿನ್‌ಸ್ಟ್ರುಮೆಂಟ್ ಮಾಡಿದ್ದು ರೋಜರ್ ಲಿನ್, ಡ್ರಮ್ ಮಷಿನ್‌ಗಳಿಗೆ ಹೆಸರಾದವರು. ಅದರ ದೊಡ್ಡ ಮಾದರಿಯಲ್ಲಿ 200 ಪ್ಯಾಡ್. ಬೆರಳನ್ನು ಅಡ್ಡಕ್ಕೆ ಜಾರಿಸಿದರೆ ಸ್ವರ ಏರಿಳಿಯುತ್ತದೆ, ಉದ್ದಕ್ಕೆ ಸರಿಸಿದರೆ ನಾದದ ಗುಣ ಬದಲಾಗುತ್ತದೆ, ಒತ್ತಿದರೆ ದನಿ ಜೋರಾಗುತ್ತದೆ.

ತೋಡಿಯನ್ನೇ ತಗೊಳ್ಳಿ. ಗಾಂಧಾರದಿಂದ ಎಡಕ್ಕೆ ಎರಡನೇ ಪ್ಯಾಡ್ ರಿಷಭ, ಬಲಕ್ಕೆ ಎರಡನೆಯದು ಮಧ್ಯಮ. ಇವೆರಡರ ನಡುವೆ ತೂಗಬೇಕು. ವೀಣೆಯಲ್ಲಿ ತಂತಿ ಎಳೆದರೆ ಅದು ನಮ್ಮ ಬೆರಳನ್ನೂ ವಾಪಸ್ ಎಳೆಯುತ್ತದೆ. ಎಷ್ಟು ಎಳೆದೆವು ಅಂತ ಬೆರಳಿಗೇ ಗೊತ್ತು. ಇಲ್ಲಿರೋದು ರಬ್ಬರಿನ ಹಾಸು. ಎಲ್ಲಿ ಹೋದರೂ ಒಂದೇ ಥರ. ಅಳತೆಯೆಲ್ಲ ಕಿವಿಯದೇ. ಜೊತೆಗೆ ತೂಗುವಾಗ ಕೈಭಾರ ಹೆಚ್ಚುಕಮ್ಮಿಯಾದರೆ ದನಿಯೂ ಏಳುತ್ತದೆ, ಬೀಳುತ್ತದೆ. ಮೊದಲ ತಿಂಗಳು ನನ್ನ ತೋಡಿ, ನಾದಸ್ವರದವರು ಊದುವ ಸೀವಾಳಿ ಪರೀಕ್ಷೆ ಮಾಡುವ ಹಾಗೆ ಕೇಳುತ್ತಿತ್ತು.

ಅದಕ್ಕೂ ಮುಂಚೆ ಒಂದು ಪೇಚಾಟ. ಇಡೀ ಪ್ಯಾಡ್ ದಾಟಿಸಿದರೂ ಸ್ವರ ಕೂದಲೆಳೆಯಷ್ಟು ಮಾತ್ರ ಸರಿಯುತ್ತಿತ್ತು. ಮಾರಿದವರಿಗೆ ಫೋನ್ ಮಾಡಿ ಜಗಳಾಡೋದೊಂದು ಬಾಕಿ. ಆಮೇಲೆ ನೋಡಿದರೆ ಯಂತ್ರದಲ್ಲಿ ಬೆಂಡ್ ರೇಂಜ್ (ಸ್ವರ ಎಷ್ಟು ಅರ್ಧಸ್ವರ ಬಾಗಬಹುದು ಎಂಬ ಮಿತಿ) 48, ದನಿ ಹುಟ್ಟಿಸುವ ಸಿಂಥ್‌ನಲ್ಲಿ 2! ಎರಡೂ ಕಡೆ ಒಂದೇ ಸಂಖ್ಯೆ ಇರಬೇಕು. ಹಾಗೆಯೇ ಯಂತ್ರದಲ್ಲಿ ಕ್ವಾಂಟೈಸ್ ಹೋಲ್ಡ್ ಎಂಬ ಸೆಟ್ಟಿಂಗ್ ಆಫ್ ಮಾಡಿಬಿಡಿ. ಇಲ್ಲದಿದ್ದರೆ ಬೆರಳು ನಿಂತ ತಕ್ಷಣ ಅದು ಸ್ವರವನ್ನು ಪ್ಯಾಡಿನ ಸ್ಥಾನಕ್ಕೆ ಎಳೆದು ಕೂರಿಸುತ್ತದೆ. ಪಾಶ್ಚಾತ್ಯ ಸಂಗೀತಕ್ಕೆ ಒಳ್ಳೆಯದೇ, ನಮಗೆ ಕಾಟ.

ವೀಣೆಯ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಸ್ವರಗಳು) ಹಾಕಿಕೊಂಡು ನುಡಿಸುವ ಆಸೆ ಇದ್ದರೆ ಈಗಲೇ ಬಿಡಿ. ಮೀಟಿದ ಒಂದು ಸ್ವರದ ರೆಕಾರ್ಡಿಂಗನ್ನು ಹಿಗ್ಗಿಸಿದ ಹಾಗೆ ಕೇಳುತ್ತದೆ. ದನಿ ನಿಲ್ಲುವ ವಾದ್ಯಗಳೇ ಚೆನ್ನ: ಪಿಟೀಲು, ಕೊಳಲು, ಇಲ್ಲವೇ ಪುಕ್ಕಟೆ ಸಿಗುವ ಸರ್ಜ್ ಎಕ್ಸ್‌ಟಿ ಎಂಬ ಸಿಂಥ್‌ನಲ್ಲಿ ನೀವೇ ಮಾಡಿಕೊಂಡ ಒಂದು ಸಾದಾ ದನಿ.

ಕೊಳ್ಳುವ ಮೊದಲು ಯಾರದ್ದಾದರೂ ಐಪ್ಯಾಡಿನಲ್ಲಿ ಜಿಯೋಶ್ರೆಡ್ ಆ್ಯಪ್ ಹಾಕಿ ನೋಡಿ. ಮಹೇಶ್ ರಾಘವನ್ ಕರ್ನಾಟಕ ಸಂಗೀತ ನುಡಿಸೋದು ಅದರಲ್ಲೇ. ಗಾಜಿಗೆ ಬೆರಳಿನ ಒತ್ತಡ ತಿಳಿಯುವುದಿಲ್ಲ, ಆದರೆ ಜಾರುವ ಅಭ್ಯಾಸಕ್ಕೆ ಧಾರಾಳ ಸಾಕು. ಅದರಲ್ಲಿ ಒಂದು ವರ್ಣ ಕಿವಿಗೆ ಒಪ್ಪುವಂತೆ ಬಂದರೆ ದುಡ್ಡು ಹಾಕಿ. ಬರಲಿಲ್ಲವೋ, ವೀಣೆಗೇ ಒಂದು ಪಿಕಪ್ (ವಾದ್ಯದ ದನಿ ಹಿಡಿಯುವ, ಮೈಕಿನಂಥ ಸಾಧನ) ಹಾಕಿಸಿ ನೇರವಾಗಿ ರೆಕಾರ್ಡ್ ಮಾಡಿ. ಖರ್ಚೂ ಎಷ್ಟೋ ಕಡಿಮೆ.