ಕುಂಚಿಗೆಯ ಬೆಲೆಯಲ್ಲಿ ಕಸೂತಿ ಎಲ್ಲಿದೆ?

ಸ್ವಉದ್ಯೋಗ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು, ಮನೆಯಲ್ಲೇ ಕುಳಿತು ಮಕ್ಕಳ ಉಡುಪು, ಆಟಿಕೆಗಳನ್ನು ಕೈಯಾರೆ ಮಾಡಿ ಮಾರುವ ಮಹಿಳೆಯರು ಬರೆದವು. ಆದ್ದರಿಂದ ಈ ಸಂಚಿಕೆಯ ಪುಟವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 32 ವರ್ಷ. ಮನೆಯಲ್ಲಿ ಪತಿ, ಅತ್ತೆ ಮತ್ತು ಎಲ್‌ಕೆಜಿಗೆ ಹೋಗುವ ನಾಲ್ಕು ವರ್ಷದ ಮಗ ಇದ್ದಾರೆ. ಎರಡು ವರ್ಷದ ಹಿಂದೆ ನಾದಿನಿಯ ಮಗಳ ತೊಟ್ಟಿಲು ಕಾರ್ಯಕ್ಕೆಂದು ಖಣದ ಕುಂಚಿಗೆ (ಕೂಸಿನ ತಲೆ, ಬೆನ್ನು ಮುಚ್ಚುವ ಟೊಪ್ಪಿಗೆ) ಹೊಲಿದುಕೊಟ್ಟೆ. ಅದನ್ನು ಕಂಡವರು ತಮಗೂ ಬೇಕೆಂದು ಕೇಳತೊಡಗಿದರು. ಈಗ ತಿಂಗಳಿಗೆ ಇಪ್ಪತ್ತು ಕುಂಚಿಗೆ ಹೊಲಿಯುತ್ತೇನೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಅಂಚುಪಟ್ಟಿಯ ಮೇಲೆ ಕೈಕಸೂತಿಯನ್ನೂ ಹಾಕುತ್ತೇನೆ. ಕಸೂತಿ ಇರಲಿ, ಇಲ್ಲದಿರಲಿ, ಒಂದಕ್ಕೆ 450 ರೂಪಾಯಿ ತೆಗೆದುಕೊಳ್ಳುತ್ತೇನೆ. ಖಣ, ಅಸ್ತರು, ದಾರ, ಪೊಟ್ಟಣ ಎಲ್ಲ ಸೇರಿ 230 ರೂಪಾಯಿ ಖರ್ಚು ಬರುತ್ತದೆ. ಸಾದಾ ಕುಂಚಿಗೆಗೆ ಎರಡೂಮುಕ್ಕಾಲು ಗಂಟೆ ಹಿಡಿದರೆ, ಕಸೂತಿಗೆ ಇನ್ನೂ ಮೂರು ಗಂಟೆ ಬೇಕು. ತಿಂಗಳಿಗೆ ಐದಾರು ಮಂದಿ ನೆಂಟರು ಅರ್ಧ ಬೆಲೆಗೆ ಒಯ್ಯುತ್ತಾರೆ. ರಾತ್ರಿ ಒಂದು ಗಂಟೆಯವರೆಗೆ ಯಂತ್ರದ ಮುಂದೆ ಕುಳಿತರೂ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ, ಆ ಸಿಟ್ಟನ್ನು ಮಗನ ಮೇಲೆ ತೀರಿಸುತ್ತಿದ್ದೇನೆ. ಬೆಲೆ ಏರಿಸಲೇ, ನಿಲ್ಲಿಸಿಬಿಡಲೇ?
— ಹೆಸರು ಬೇಡ, ಧಾರವಾಡ ಜಿಲ್ಲೆ

ಉತ್ತರ: ನಿಲ್ಲಿಸುವ ಮಾತು ಸದ್ಯಕ್ಕೆ ಬೇಡ. ನೀವು ಖರ್ಚನ್ನೂ ಸಮಯವನ್ನೂ ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರದ ಬಹುಪಾಲು ನಿಮ್ಮ ಪತ್ರದಲ್ಲೇ ಇದೆ. ಸಾದಾ ಕುಂಚಿಗೆಯಲ್ಲಿ ಖರ್ಚು ಕಳೆದು ಉಳಿಯುವ 220 ರೂಪಾಯಿಯನ್ನು ಎರಡೂಮುಕ್ಕಾಲು ಗಂಟೆಗೆ ಹಂಚಿದರೆ ಗಂಟೆಗೆ 80 ರೂಪಾಯಿ ಬೀಳುತ್ತದೆ. ಕಸೂತಿ ಹಾಕಿದ್ದಕ್ಕೂ ಉಳಿಯುವುದು ಅದೇ 220. ಆದರೆ ಅಲ್ಲಿ ದುಡಿಮೆ ಐದೂಮುಕ್ಕಾಲು ಗಂಟೆ, ಎಂದರೆ ಗಂಟೆಗೆ 38 ರೂಪಾಯಿ. ನಿಮ್ಮ ಕೈಚಳಕದ ಅತ್ಯುತ್ತಮ ಭಾಗವಾದ ಕಸೂತಿಯನ್ನು ಗಿರಾಕಿಗೆ ಪುಕ್ಕಟೆಯಾಗಿ ಕೊಡುತ್ತಿದ್ದೀರಿ, ಅದಕ್ಕೆ ತಗಲುವ ಮೂರು ಗಂಟೆಯನ್ನು ನಿಮ್ಮ ನಿದ್ದೆಯಿಂದ ತೆಗೆಯುತ್ತಿದ್ದೀರಿ. ಆದ್ದರಿಂದ ಎಲ್ಲದರ ಬೆಲೆಯನ್ನೂ ಏರಿಸಬೇಕಾಗಿಲ್ಲ. ಸಾದಾ ಕುಂಚಿಗೆ 450ರಲ್ಲೇ ಇರಲಿ. ಕಸೂತಿ ಇದ್ದುದಕ್ಕೆ, ಅದೇ ಗಂಟೆಗೆ 80ರ ದರ ಹಿಡಿದರೂ, 690 ಆಗುತ್ತದೆ. ಎಳೆ ತಪ್ಪಿ ಬಿಚ್ಚಿ ಹಾಕಬೇಕಾಗುವ ಸಂದರ್ಭಗಳನ್ನೂ ಸೇರಿಸಿಕೊಂಡು 750 ಎಂದು ನಿಗದಿ ಮಾಡಿ.

ಇನ್ನು ಸಮಯದ ಮಾತು. ಮಗ ಶಾಲೆಯಲ್ಲಿರುವ ಮೂರು ಗಂಟೆಯಂತೆ ವಾರಕ್ಕೆ ಐದು ದಿನ ಹಿಡಿದರೆ ನಿಮಗೆ 15 ಗಂಟೆ ಸಿಗುತ್ತದೆ. ಫೋಟೊ ತೆಗೆಯುವುದು, ವಾಟ್ಸ್‌ಆ್ಯಪ್‌ನಲ್ಲಿ ಉತ್ತರಿಸುವುದು, ಅಂಚೆಗೆ ಕೊಟ್ಟುಬರುವುದು ಇವಕ್ಕೆ ಮೂರು ಗಂಟೆ ಬಿಟ್ಟರೆ ಹೊಲಿಗೆಗೆ ಉಳಿಯುವುದು 12. ಅಷ್ಟರಲ್ಲಿ ವಾರಕ್ಕೆ ಎರಡು ಸಾದಾ, ಒಂದು ಕಸೂತಿಯ ಕುಂಚಿಗೆ ನಿರಾಳವಾಗಿ ಮುಗಿಯುತ್ತವೆ. ತಿಂಗಳಿಗೆ 12 ಕುಂಚಿಗೆ, ಸುಮಾರು 45 ಗಂಟೆಯ ದುಡಿಮೆ, ಉಳಿತಾಯ 3,840 ರೂಪಾಯಿ. ಈಗ ನೀವು ಇಪ್ಪತ್ತು ಕುಂಚಿಗೆಗೆ 85 ಗಂಟೆ ದುಡಿಯುತ್ತಿದ್ದೀರಿ. ನೆಂಟರ ರಿಯಾಯಿತಿ ಇಲ್ಲದಿದ್ದರೂ ಸಿಗಬೇಕಾದದ್ದು 4,400. ಐದು ಮಂದಿ ಅರ್ಧ ಬೆಲೆ ಕೊಟ್ಟರೆಂದರೆ ಅದು 3,300ರ ಒಳಗೇ ಬಂದುಬಿಡುತ್ತದೆ. 225 ರೂಪಾಯಿಗೆ ಕುಂಚಿಗೆ ಕೊಟ್ಟಾಗ ನಿಮ್ಮ 230 ರೂಪಾಯಿಯ ಖರ್ಚೂ ಹುಟ್ಟಲಿಲ್ಲ ಎಂಬುದನ್ನು ಗಮನಿಸಿದ್ದೀರಾ?

ನೆಂಟರ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವೆನಿಸಬಹುದು. ತೀರ ಹತ್ತಿರದವರ ಮನೆಯ ತೊಟ್ಟಿಲಿಗೆ ಕುಂಚಿಗೆಯನ್ನು ಹಣ ಮುಟ್ಟದೆ ಉಡುಗೊರೆಯಾಗಿಯೇ ಕೊಡಿ. ಹೇಗೂ ಆ ಕಾರ್ಯಕ್ಕೆ ಏನಾದರೊಂದು ಒಯ್ಯಲೇಬೇಕಷ್ಟೆ. ಉಳಿದವರಿಗೆಲ್ಲ ಪೂರ್ತಿ ಬೆಲೆ ಹೇಳಿ. ಬೆಲೆಯನ್ನು ಬರೆದ ಒಂದು ಪಟ್ಟಿ ಫೋನಿನಲ್ಲಿದ್ದರೆ ಬಾಯಲ್ಲಿ ಹೇಳುವ ಸಂಕೋಚ ಅರ್ಧ ಕಡಿಮೆಯಾಗುತ್ತದೆ. ಅರ್ಧ ಹಣ ಮುಂಗಡವಾಗಿ ಬರುವ ತನಕ ಬಟ್ಟೆ ಕತ್ತರಿಸಬೇಡಿ. ತೊಟ್ಟಿಲ ದಿನ ಮೊದಲೇ ಗೊತ್ತಿರುವ ಕಾರ್ಯವಲ್ಲವೆಂಬುದು ನಿಜ, ಕೂಸು ಹುಟ್ಟಿದ ಮೇಲೆಯೇ ಅವಸರದ ಕರೆ ಬರುತ್ತದೆ. ಅದಕ್ಕಾಗಿ ಎರಡು ಮೂರು ಸಾದಾ ಕುಂಚಿಗೆಗಳನ್ನು ಯಾವಾಗಲೂ ಹೊಲಿದು ಇಟ್ಟಿರಿ. ಕಸೂತಿ ಬೇಕೆನ್ನುವವರು ಸೀಮಂತದ ಹೊತ್ತಿಗೇ ಹೇಳಲಿ.

ಪತ್ರದ ಕೊನೆಯಲ್ಲಿ, ನಿಮ್ಮ ಅತ್ತೆಯವರಿಗೆ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಚೆನ್ನಾಗಿ ಬರುತ್ತವೆ, ಆದರೆ ಕೇಳಲು ಸಂಕೋಚ ಎಂದು ಬರೆದಿದ್ದೀರಿ. ಕೇಳಿ, ಆದರೆ ಮನೆಗೆಲಸದಂತೆ ಕೇಳಬೇಡಿ. ಒಂದು ಅಂಚಿಗೆ ಇಷ್ಟು ಎಂದು ಗೊತ್ತುಮಾಡಿ ಅವರ ಖಾತೆಗೇ ಹಾಕಿ. 750ರ ಬೆಲೆಯಲ್ಲಿ ಅದಕ್ಕೆ ಜಾಗವಿದೆ. ನಾನು ಕಂಡ ಮನೆಗಳಲ್ಲಿ, ಹಿರಿಯರ ಕೆಲಸಕ್ಕೆ ಬೆಲೆ ಕಟ್ಟಿದಾಗ ಅಂಗಳದಲ್ಲಿ ಗಿರಾಕಿಗಳೊಂದಿಗೆ ಚೌಕಾಸಿಗೆ ನಿಲ್ಲುವವರೂ ಅವರೇ ಆಗುತ್ತಾರೆ, ನಮಗಿಂತ ಗಟ್ಟಿಯಾಗಿಯೇ ನಿಲ್ಲುತ್ತಾರೆ.

ಕಸೂತಿಯ ಬಗ್ಗೆ ಒಂದು ಮಾತನ್ನು ಗಿರಾಕಿಗೂ ತಿಳಿಸಬೇಕು. ಎಳೆ ಎಣಿಸಿ ಹಾಕುವ ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ತೆರನಾಗಿ ಕಾಣುತ್ತವೆ, ಹಿಂಬದಿಯಲ್ಲಿ ಗಂಟು ಇರುವುದಿಲ್ಲ. ಕೂಸಿನ ಹಣೆಗೆ, ಕಿವಿಗೆ ಗಂಟು ಒತ್ತಬಾರದೆಂಬ ಕಾರಣಕ್ಕೆ ಇದೊಂದು ದೊಡ್ಡ ಅನುಕೂಲ. ಯಂತ್ರದಲ್ಲಿ ಹಾಕಿದ ಅಗ್ಗದ ಕಸೂತಿಯನ್ನು ಯಾರಾದರೂ ಹೋಲಿಕೆಗೆ ತಂದರೆ ಎರಡನ್ನೂ ಮಗುಚಿ ತೋರಿಸಿ, ಮಾತೇ ಬೇಕಾಗುವುದಿಲ್ಲ. ಖಣದ ಕೆಂಪು, ಕಡುನೀಲಿ ಬಣ್ಣಗಳನ್ನು ಕತ್ತರಿಸುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಮಗುವಿನ ಬಾಯಿಗೂ ಹೋಗುತ್ತದೆ. ಅಸ್ತರಿಗೆ ಮಲ್ಮಲ್ ಬಳಸುವುದಾದರೆ ಮೊದಲೇ ತೊಳೆದು ಒಣಗಿಸಿ. ಇಲ್ಲದಿದ್ದರೆ ಮೊದಲ ತೊಳೆತದಲ್ಲಿ ಅದು ಒಳಗೇ ಕುಗ್ಗಿ ಕುಂಚಿಗೆ ಮುದುರಿಕೊಳ್ಳುತ್ತದೆ. ಗದ್ದದ ಕೆಳಗೆ ಕಟ್ಟುವ ಕಸೆಗಳು ಒಂದು ಸುತ್ತು ಬಿಲ್ಲುಗಂಟಿಗೆ ಸಾಕಾಗುವಷ್ಟೇ ಉದ್ದವಿರಲಿ. ಗೆಜ್ಜೆ, ಮಣಿಗಳನ್ನು ಎಷ್ಟು ಕೇಳಿದರೂ ಹಚ್ಚಬೇಡಿ. ಕೂಸನ್ನು ಮಲಗಿಸುವಾಗ ಕುಂಚಿಗೆಯನ್ನು ಬಿಚ್ಚಿಡಬೇಕೆಂದು ಚೀಟಿಯಲ್ಲಿ ಬರೆದು ಪೊಟ್ಟಣದೊಳಗೆ ಹಾಕಿ.

ಮಗನ ಕುರಿತು: ಅವನು ಮನೆಯಲ್ಲಿರುವ ಹೊತ್ತಿನಲ್ಲಿ ಯಂತ್ರಕ್ಕೆ ಮುಸುಕು ಹಾಕಿಬಿಡುವುದೇ ಒಳ್ಳೆಯದು. ಇದು ಅವನ ಬೆರಳಿಗೂ ಕ್ಷೇಮ, ನಿಮ್ಮ ತಾಳ್ಮೆಗೂ ಕ್ಷೇಮ. ಸೂಜಿಗಳನ್ನು ಎಣಿಸಿಯೇ ತೆಗೆಯಿರಿ, ಎಣಿಸಿಯೇ ಇಡಿ. ನೆಲಕ್ಕೆ ಬಿದ್ದುದನ್ನು ಹುಡುಕಲು ಒಂದು ಅಯಸ್ಕಾಂತವಿರಲಿ.

ಬಟ್ಟೆಯ ಅಂಚಿನ ಎಳೆ ಬಿಡದಂತೆ ಹೊಲಿಯುವ ಓವರ್‌ಲಾಕ್ ಯಂತ್ರ ಕೊಳ್ಳುವ ಆಸೆಯನ್ನೂ ತಿಳಿಸಿದ್ದೀರಿ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆಂದು 15,000 ರೂಪಾಯಿಯವರೆಗೆ ನೆರವು, ಬಳಿಕ ಶೇ 5ರ ಬಡ್ಡಿಯಲ್ಲಿ ಮೊದಲ ಕಂತಾಗಿ ಒಂದು ಲಕ್ಷದವರೆಗೆ ಸಾಲ ಅದರಲ್ಲಿವೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶವಿರುವುದರಿಂದ ಯಾರ ಹೆಸರಿನಲ್ಲಿ ಅರ್ಜಿ ಹಾಕಬೇಕೆಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಸಲಕರಣೆಯ ನೆರವನ್ನು ಪಡೆಯಿರಿ, ಆದರೆ ತಿಂಗಳಿಗೆ 12 ಕುಂಚಿಗೆಯ ವ್ಯಾಪಾರಕ್ಕೆ ಲಕ್ಷದ ಸಾಲ ಬೇಕಾಗಿಲ್ಲವೆಂದು ನನಗನ್ನಿಸುತ್ತದೆ.

ಪ್ರಶ್ನೆ: ಕ್ರೋಶಾದಲ್ಲಿ ಆನೆ, ಮೊಲ, ಗೊಂಬೆಗಳನ್ನು ಹೆಣೆದು ಇನ್‌ಸ್ಟಾಗ್ರಾಂ ಮೂಲಕ ಮಾರುತ್ತೇನೆ. ಕಣ್ಣಿಗೆ ಗುಂಡಿಗಳನ್ನು ಬಳಸುತ್ತೇನೆ. ಐಎಸ್‌ಐ ಗುರುತು ಇಲ್ಲದೆ ಆಟಿಕೆ ಮಾರುವುದು ಅಪರಾಧವೆಂದು ಗಿರಾಕಿಯೊಬ್ಬರು ಹೆದರಿಸಿದರು. ಮನೆಯಲ್ಲಿ ಹೆಣೆದ ಗೊಂಬೆಗೂ ಇದು ಅನ್ವಯಿಸುತ್ತದೆಯೇ?
— ಓದುಗರು, ತುಮಕೂರು

ಉತ್ತರ: ಆ ಗಿರಾಕಿ ಹೇಳಿದ್ದರಲ್ಲಿ ಸತ್ಯವಿದೆ. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ವಸ್ತುಗಳೆಲ್ಲ ಭಾರತೀಯ ಮಾನಕ ಬ್ಯೂರೊದ ಗುರುತು (ಐಎಸ್‌ಐ) ಪಡೆದಿರಬೇಕೆಂಬ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಹೆಣೆದ ಗೊಂಬೆ ಅದರಿಂದ ತಾನಾಗಿಯೇ ಹೊರಗುಳಿಯುವುದಿಲ್ಲ. ಆದರೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ಒಂದು ಊರಿನ ವಿಶಿಷ್ಟ ಉತ್ಪನ್ನವೆಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ನೋಂದಣಿಯಿರುವ ಆಟಿಕೆಗಳನ್ನು ಆ ಸೂಚಿಕೆಯ ಅಧಿಕೃತ ಬಳಕೆದಾರರು ತಯಾರಿಸಿ ಮಾರಿದರೆ ಅವಕ್ಕೂ ವಿನಾಯಿತಿ ಉಂಟು. ಹಾಲೆ ಮರದಲ್ಲಿ ಕಡೆದು ಅರಗು ಹಚ್ಚುವ ಚನ್ನಪಟ್ಟಣದ ಗೊಂಬೆಗಳಿಗೆ ಆ ದಾರಿಯಿದೆ. ನಿಮ್ಮ ದಾರಿ ಮೊದಲನೆಯದು. ಕುಶಲಕರ್ಮಿಗಳಿಗೆ ಕೊಡುವ 'ಪೆಹಚಾನ್' ಗುರುತಿನ ಚೀಟಿಗೆ ಅರ್ಜಿ ಹಾಕಿ, ನಿಮ್ಮ ಕಸುಬು ಯಾವ ಹೆಸರಿನಡಿ ಬರುತ್ತದೆಂಬುದನ್ನು ಅಲ್ಲಿಯೇ ಕೇಳಿ ಬರೆಸಿಕೊಳ್ಳಿ. ಚೀಟಿ ಕೈಗೆ ಬರುವ ತನಕ ಆಟಿಕೆಗಳ ಮಾರಾಟ ನಿಲ್ಲಿಸಿ ಟೊಪ್ಪಿಗೆ, ಕಾಲುಚೀಲ ಹೆಣೆಯಿರಿ. ಅವು ಉಡುಪುಗಳು, ಆಟಿಕೆಗಳಲ್ಲ.

ಚೀಟಿ ಬಂದರೂ ಗುಂಡಿಯ ಕಣ್ಣುಗಳನ್ನು ಮಾತ್ರ ಬಿಟ್ಟುಬಿಡಿ. ಚಿಕ್ಕ ತುಂಡುಗಳ ಅಪಾಯ ಅಳೆಯಲು ಪರೀಕ್ಷಾಲಯಗಳಲ್ಲಿ 31.7 ಮಿಲಿಮೀಟರ್ ಅಗಲದ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಇಳಿಯುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದೆಂದು ಲೆಕ್ಕ. ಅಂಗಿಯ ಗುಂಡಿ ಅದರಲ್ಲಿ ಸಲೀಸಾಗಿ ಇಳಿಯುತ್ತದೆ. 'ದೊಡ್ಡ ಮಕ್ಕಳಿಗೆ ಮಾತ್ರ' ಎಂದು ಬರೆದರೆ ಸಾಲದೇ ಎಂದು ನೀವು ಕೇಳಬಹುದು. ಮೊಲದ ಗೊಂಬೆ ಅಕ್ಕನ ಕೈಯಿಂದ ತಮ್ಮನ ಬಾಯಿಗೆ ಹೋಗಲು ಎಷ್ಟು ಹೊತ್ತು ಬೇಕು? ಕಣ್ಣು, ಮೂಗುಗಳನ್ನು ದಾರದಲ್ಲೇ ಹೊಲಿಯಿರಿ. ಒಳಗಿನ ಹತ್ತಿ ಹೊರಗಿಣುಕದಂತೆ ಸಣ್ಣ ಕೊಕ್ಕೆಯಲ್ಲಿ ಬಿಗಿಯಾಗಿ ಹೆಣೆಯಿರಿ. ಕಿವಿ, ಬಾಲಗಳನ್ನು ಎರಡು ಸುತ್ತು ಹೊಲಿದು, ಕಳಿಸುವ ಮೊದಲು ನಿಮ್ಮ ಬಲವೆಲ್ಲ ಹಾಕಿ ಒಮ್ಮೆ ಎಳೆದು ನೋಡಿ.

ಪ್ರಶ್ನೆ: ಮಕ್ಕಳ ಜಬಲಾ, ಪುಟ್ಟ ಕೌದಿ ಹೊಲಿದು ವರ್ಷಕ್ಕೆ ಸುಮಾರು ಒಂದೂವರೆ ಲಕ್ಷದ ವ್ಯಾಪಾರ ಮಾಡುತ್ತೇನೆ. ಜಿಎಸ್‌ಟಿ ಮಾಡಿಸಬೇಕೇ? ಮಾಡಿಸಿದರೆ ಗೃಹಲಕ್ಷ್ಮಿ ಹಣ ನಿಲ್ಲುತ್ತದೆಯೇ? ಪುಣೆಯಿಂದಲೂ ಕೇಳುತ್ತಿದ್ದಾರೆ.
— ಓದುಗರು, ಬೆಳಗಾವಿ

ಉತ್ತರ: ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ನೀವು ಅದರಿಂದ ಬಹಳ ದೂರದಲ್ಲಿದ್ದೀರಿ. 2023ರ ಅಕ್ಟೋಬರ್ 1ರಿಂದ, ಈ ಮಿತಿಯೊಳಗಿನವರು ಆನ್‌ಲೈನ್ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಮಾರಲೂ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಪಾನ್ ಆಧಾರದ ಮೇಲೆ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಪುಣೆಯ ವಿಷಯ ಬೇರೆ. ಹೊರರಾಜ್ಯಕ್ಕೆ ಸರಕು ಮಾರುವವರು ಸಾಮಾನ್ಯವಾಗಿ ವಹಿವಾಟು ಎಷ್ಟೇ ಇರಲಿ ನೋಂದಾಯಿಸಿಕೊಳ್ಳಬೇಕು. ಕೆಲವು ಕರಕುಶಲ ವಸ್ತುಗಳ ತಯಾರಕರಿಗೆ ಮಾತ್ರ ಇದರಿಂದ ವಿನಾಯಿತಿ ಇದ್ದು, ಅವುಗಳ ಪಟ್ಟಿಯೊಂದು ಇದೆ. ಕೈಯಲ್ಲಿ ಹೊಲಿದ ಕೌದಿ ಮತ್ತು ಯಂತ್ರದಲ್ಲಿ ಹೊಲಿದ ಜಬಲಾ ಎರಡನ್ನೂ ಒಂದೇ ಎಂದು ಭಾವಿಸದೆ, ಆ ಪಟ್ಟಿಯನ್ನು ತೆರಿಗೆ ಸಲಹೆಗಾರರ ಮುಂದಿಟ್ಟು ಕೇಳಿದ ಮೇಲೆ ಪುಣೆಗೆ ಉತ್ತರಿಸಿ.

ಗೃಹಲಕ್ಷ್ಮಿಯ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ತಿಂಗಳ 2,000 ರೂಪಾಯಿ ಸಿಗುವುದಿಲ್ಲ. ಎಂದರೆ ವರ್ಷಕ್ಕೆ 24,000. ಪುಣೆಯ ಗಿರಾಕಿಗಳಿಗಾಗಿ ನೋಂದಣಿ ಮಾಡಿಸುವುದಾದರೆ, ಅಲ್ಲಿಂದ ಬರುವ ಲಾಭ ಇದಕ್ಕಿಂತ ಹೆಚ್ಚಿರಬೇಕು, ಜೊತೆಗೆ ರಿಟರ್ನ್ಸ್ ಸಲ್ಲಿಸುವವರ ಶುಲ್ಕವನ್ನೂ ಹೊರಬೇಕು. ಸದ್ಯದ ನಿಮ್ಮ ಅಳತೆಗೆ ಅದು ಗಿಟ್ಟುವುದಿಲ್ಲವೆಂದೇ ನನ್ನ ಲೆಕ್ಕ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಬೇರೆಯೇ ವಿಷಯ, ಅದು ಉಚಿತ. ಹಣ ಕೇಳುವ ಮಧ್ಯವರ್ತಿಗಳ ಬಳಿ ಹೋಗದೆ ಸರ್ಕಾರದ ಜಾಲತಾಣದಲ್ಲೇ ಮಾಡಿಸಿಕೊಳ್ಳಿ.

ಇನ್ನೊಂದು: ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ಕ್ಯೂಆರ್ ಇರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಚೀಟಿಯ ಹಣ, ಕೈಸಾಲ ಮರಳಿದ ಹಣ, ತವರಿನಿಂದ ಬಂದ ಹಣ ಎಲ್ಲವೂ ಒಂದೇ ಖಾತೆಯಲ್ಲಿದ್ದವರಿಗೆ ಯಾವುದು ವ್ಯಾಪಾರದ್ದೆಂದು ಬೇರ್ಪಡಿಸಿ ತೋರಿಸುವುದು ಎಷ್ಟು ಕಷ್ಟವೆಂಬುದು ಅರಿವಾಯಿತು.

ಪ್ರಶ್ನೆ: ಕೂಸಿಗೆ ಸಾಸಿವೆ ದಿಂಬು ಮತ್ತು ತೊಟ್ಟಿಲ ಸುತ್ತ ಕಟ್ಟುವ ಮೆತ್ತೆ ಬೇಕೆಂದು ಬಹಳ ಜನ ಕೇಳುತ್ತಾರೆ. ಹೊಲಿದುಕೊಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಸಾಸಿವೆ ದಿಂಬಿನ ಮೇಲೆ ಮಲಗಿಯೇ ನಾವೆಲ್ಲ ಬೆಳೆದೆವೆಂಬುದು ನಿಜ. ಆದರೂ ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ದಿಂಬು, ಮೆತ್ತೆ, ಮೆದು ಗೊಂಬೆ ಏನೂ ಇರಬಾರದೆಂಬುದು ಇಂದು ಮಕ್ಕಳ ವೈದ್ಯರ ಸಲಹೆ, ಏಕೆಂದರೆ ಹೊರಳಿದ ಕೂಸಿನ ಮೂಗು ಅದಕ್ಕೆ ಒತ್ತಿಕೊಂಡರೆ ಬಿಡಿಸಿಕೊಳ್ಳುವ ಶಕ್ತಿ ಕೂಸಿಗಿರುವುದಿಲ್ಲ. ಮನೆಯಲ್ಲಿ ಹಿರಿಯರ ಕಣ್ಣೆದುರು ಬಳಸುವುದು ಆಯಾ ಮನೆಯವರ ಆಯ್ಕೆ. ಗುರುತಿಲ್ಲದ ಮನೆಗೆ ನಿಮ್ಮ ಹೆಸರು ಹಚ್ಚಿ ಮಾರುವುದನ್ನು ನಾನಂತೂ ಒಪ್ಪಲಾರೆ. ಕೇಳಿಬಂದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದಿದ್ದರೆ, ಅದೇ ಬಟ್ಟೆಯಲ್ಲಿ ಬಾಣಂತಿಗೆ ಹಾಲೂಡಿಸುವಾಗ ಮೊಣಕೈಯ ಕೆಳಗೆ ಇಟ್ಟುಕೊಳ್ಳುವ ದಿಂಬನ್ನು ಹೊಲಿದುಕೊಡಿ. ಅದರ ಮೇಲುಚೀಲ ಬಿಚ್ಚಿ ತೊಳೆಯುವಂತಿರಲಿ.